ಹಳೆಯ ರೈಡ್ ಸಿಂಬಲ್: ತೂಕ ಇಳಿದಷ್ಟೂ ಬೆಲೆ ಏರುವುದು ಯಾಕೆ?

ಕಲಬುರಗಿ ಬಜಾರಿನಲ್ಲಿ ಹಳೇ ಕಂಚು ಕೊಳ್ಳುವವರ ಲೆಕ್ಕ ಸರಳ. ತಕ್ಕಡಿಗೆ ಹಾಕುತ್ತಾರೆ, ಕಿಲೋಗೆ ಇಷ್ಟು ಅಂತ ದುಡ್ಡು ಎಣಿಸುತ್ತಾರೆ. ತೂಕ ಜಾಸ್ತಿ ಇದ್ದಷ್ಟೂ ಕಾಸು ಜಾಸ್ತಿ. ಆದರೆ ಅದೇ ಕಂಚು ಡ್ರಮ್ ಸೆಟ್‌ನಲ್ಲಿ ಬಾರಿಸುವ ದೊಡ್ಡ ತಾಟು, ಅಂದರೆ ರೈಡ್ ಸಿಂಬಲ್ ಆಗಿದ್ದು, ಅದಕ್ಕೆ ಐವತ್ತು ಅರವತ್ತು ವರ್ಷ ವಯಸ್ಸಾಗಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ. ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ಕಾಲದ ಎರಡು ಸಿಂಬಲ್ ಇವೆ ಅಂದುಕೊಳ್ಳಿ. ಒಂದು 2,000 ಗ್ರಾಂ, ಇನ್ನೊಂದು 2,600 ಗ್ರಾಂ. ಎರಡೂ ಚೆನ್ನಾಗಿದ್ದರೆ ಸಾಮಾನ್ಯವಾಗಿ ಹಗುರ ಇರುವುದಕ್ಕೇ ಬೆಲೆ ಜಾಸ್ತಿ.

ಬೀದರ್‌ನ ಚರ್ಚ್‌ಗಳಲ್ಲಿ, ಕಲಬುರಗಿಯ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುವ ಹುಡುಗರು ಈಗ ಆನ್‌ಲೈನ್‌ನಲ್ಲಿ ಹಳೆಯ ಸಿಂಬಲ್ ಹುಡುಕುತ್ತಾರೆ. ಅಲ್ಲಿ ಫೋಟೋ ಪಕ್ಕದಲ್ಲೇ ಗ್ರಾಂ ಲೆಕ್ಕ ಇರುತ್ತದೆ. ಇಲ್ಲದಿದ್ದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೇ ಅದು. "ಅಣ್ಣಾ, ಸೌಂಡ್ ಹ್ಯಾಂಗದ ಅಂತ ಕೇಳೋದು ಬಿಟ್ಟು ತೂಕ ಯಾಕ ಕೇಳ್ತಾರ?" ಅಂತ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಒಂದೇ ಮಾತಿನಲ್ಲಿದೆ: ಇಲ್ಲಿ ತೂಕ ಅಂದರೆ ದಪ್ಪ. ತಕ್ಕಡಿ ಹೇಳುವುದು ತಗಡು ಎಷ್ಟು ದಪ್ಪ ಇದೆ ಅನ್ನುವುದನ್ನು. ಆ ದಪ್ಪದಿಂದ ದನಿಯ ಬಗ್ಗೆ ಅರ್ಧದಷ್ಟಾದರೂ ಊಹಿಸಬಹುದು. ಉಳಿದರ್ಧಕ್ಕೆ ಕಿವಿಯೇ ಬೇಕು.

ಹೊಸಬರಿಗಾಗಿ ಒಂದೆರಡು ಮಾತು. ಡ್ರಮ್ ಸೆಟ್‌ನಲ್ಲಿ ಬಾರಿಸುವವರ ಬಲಗೈ ಕಡೆ ಇರುವ ದೊಡ್ಡ ಸಿಂಬಲ್ಲೇ ರೈಡ್. ಹೆಚ್ಚಾಗಿ 20 ಇಲ್ಲವೇ 22 ಇಂಚು ಇರುತ್ತದೆ. ಕ್ರ್ಯಾಶ್ ಸಿಂಬಲ್‌ಗೆ ಹಾಡಿನಲ್ಲಿ ಅಲ್ಲೊಂದು ಇಲ್ಲೊಂದು ಏಟು ಬೀಳುತ್ತದೆ. ರೈಡ್ ಹಾಗಲ್ಲ. ಅದರ ಮೇಲೆ ಸ್ಟಿಕ್ ಒಂದೇ ಸಮನೆ ಓಡುತ್ತಿರುತ್ತದೆ, ಇಡೀ ಹಾಡಿನ ನಡೆ ಅದರ ಮೇಲೆ ನಿಂತಿರುತ್ತದೆ. ನಡುವಿನ ಉಬ್ಬು ಬೆಲ್. ಅಲ್ಲಿಂದ ಅಂಚಿನವರೆಗೆ ಇಳಿಜಾರಾಗಿರುವ ಭಾಗ ಬೋ. ರೈಡ್‌ನಲ್ಲಿ ಎರಡು ದನಿ ಕೇಳಬೇಕು. ಸ್ಟಿಕ್ ತಾಗಿದ ಕೂಡಲೇ ಬರುವ ಚುರುಕಾದ 'ಟಿಂಗ್' ಒಂದು, ಅದನ್ನು ಪಿಂಗ್ ಅಂತಾರೆ. ಅದರ ಹಿಂದೆ ಹರಡಿಕೊಳ್ಳುವ 'ಶ್ಶ್' ಇನ್ನೊಂದು, ಅದು ವಾಶ್. ಒಳ್ಳೆಯ ರೈಡ್ ಯಾವುದು ಅನ್ನುವ ಜಗಳವೆಲ್ಲ ಈ ಎರಡರಲ್ಲಿ ಯಾವುದು ಎಷ್ಟಿರಬೇಕು ಅನ್ನುವುದರ ಮೇಲೆಯೇ.

ಈಗ ದಪ್ಪದ ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ಸಾಕು. ಒಳ್ಳೆಯ ಸಿಂಬಲ್‌ನ ಕಂಚಿನಲ್ಲಿ ಸುಮಾರು 80 ಭಾಗ ತಾಮ್ರ, 20 ಭಾಗ ತವರ. ಅದಕ್ಕೇ ಬಿ20 ಅನ್ನುವ ಹೆಸರು. ಈ ಕಂಚು ಒಂದು ಘನ ಸೆಂಟಿಮೀಟರ್‌ಗೆ ಸುಮಾರು 8.7 ಗ್ರಾಂ ತೂಗುತ್ತದೆ. 20 ಇಂಚಿನ ಸಿಂಬಲ್‌ನ ವಿಸ್ತೀರ್ಣ ಸುಮಾರು 2,027 ಚದರ ಸೆಂಟಿಮೀಟರ್. ಗುಣಿಸಿ ನೋಡಿದರೆ, ಒಂದು ಮಿಲಿಮೀಟರ್ ದಪ್ಪಕ್ಕೆ ಹತ್ತಿರ ಹತ್ತಿರ 1,760 ಗ್ರಾಂ. ಅಂದರೆ 2,000 ಗ್ರಾಂ ಸಿಂಬಲ್‌ನ ಸರಾಸರಿ ದಪ್ಪ 1.13 ಮಿ.ಮೀ., 2,600 ಗ್ರಾಂನದು 1.47 ಮಿ.ಮೀ. ವ್ಯತ್ಯಾಸ ಮೂರನೇ ಒಂದು ಮಿಲಿಮೀಟರ್! ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೆ ಸಿಕ್ಕರೂ ಎಷ್ಟು ಅಂತ ಹೇಳಲಾಗದು. ತಕ್ಕಡಿಯಲ್ಲಿ ಮಾತ್ರ 600 ಗ್ರಾಂ ಆಗಿ ಎದ್ದು ಕಾಣುತ್ತದೆ. ದಪ್ಪವನ್ನು ಹೀಗೆ ತೂಕದಿಂದ ಅಳೆಯುವುದೇ ಎಲ್ಲಕ್ಕಿಂತ ಸುಲಭ. ಅದಕ್ಕೇ ಎಲ್ಲರೂ ಗ್ರಾಂ ಕೇಳುತ್ತಾರೆ.

ಇಷ್ಟು ಸಣ್ಣ ವ್ಯತ್ಯಾಸ ದನಿಯನ್ನು ಅಷ್ಟೊಂದು ಬದಲಿಸುತ್ತದಾ? ಬದಲಿಸುತ್ತದೆ, ಅದೂ ಜೋರಾಗಿಯೇ. ತಗಡಿನ ಬಿಗಿ ಅದರ ದಪ್ಪದ ಘನದ ಪ್ರಕಾರ ಏರುತ್ತದೆ. ದಪ್ಪ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ 1.3 ಪಟ್ಟು ಆದರೆ ಬಿಗಿ ಎರಡು ಪಟ್ಟು ದಾಟುತ್ತದೆ. ತೂಕವೂ ಜೊತೆಗೆ ಏರುವುದರಿಂದ ಕೊನೆಗೆ ಕಂಪನದ ವೇಗ ಸುಮಾರು 1.3 ಪಟ್ಟಾಗುತ್ತದೆ. ಇದನ್ನು ಸ್ವರದಲ್ಲಿ ಹೇಳಬೇಕೆಂದರೆ, ಷಡ್ಜದಿಂದ ಹೊರಟು ಶುದ್ಧ ಮಧ್ಯಮದ ಬಾಗಿಲವರೆಗೆ ಬಂದಂತೆ. ಸಿಂಬಲ್‌ಗೆ ಹಾರ್ಮೋನಿಯಂ ಪಟ್ಟಿಯಂಥ ಒಂದೇ ಸ್ವರ ಇಲ್ಲ ನಿಜ, ನೂರಾರು ಕಂಪನಗಳು ಒಟ್ಟಿಗೆ ಏಳುತ್ತವೆ. ಆದರೂ ಒಟ್ಟು ಗುಂಪೇ ಮೇಲಕ್ಕೆ ಜರುಗುತ್ತದೆ. ದಪ್ಪ ಸಿಂಬಲ್ ಚೂಪು, ತೆಳು ಸಿಂಬಲ್ ತಗ್ಗು ಅನ್ನುವುದು ಈ ಕಾರಣಕ್ಕೆ.

ದನಿಯ ಈ ಎತ್ತರ ತಗ್ಗಿಗೆ ಪಿಚ್ ಅಂತಾರೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನನಗೆ ಇದೇ ಸಿಂಬಲ್‌ನ ಜೀವಾಳ ಅನ್ನಿಸುತ್ತದೆ. ಸಿಂಬಲ್‌ಗೆ ಏಟು ಬಿದ್ದಾಗ ಅಷ್ಟೂ ದನಿ ಒಮ್ಮೆಗೇ ಹುಟ್ಟುವುದಿಲ್ಲ. ಮೊದಲು ಸ್ಟಿಕ್‌ನ ಸದ್ದು. ಆಮೇಲೆ ತಗಡಿನ ದೊಡ್ಡ ದೊಡ್ಡ ನಿಧಾನದ ಕಂಪನಗಳು ತಮ್ಮ ಶಕ್ತಿಯನ್ನು ಸಣ್ಣ ಸಣ್ಣ ವೇಗದ ಕಂಪನಗಳಿಗೆ ಹಂಚುತ್ತವೆ. ಸೆಕೆಂಡಿನ ಸಣ್ಣ ಪಾಲಿನಲ್ಲಿ ಆಗುವ ಈ ಹಂಚಿಕೆಯಿಂದಲೇ ಆ ಮಿನುಗುವ 'ಶ್ಶ್' ಏಳುವುದು. ಆದರೆ ಅದಕ್ಕೊಂದು ಶರತ್ತು ಇದೆ. ತಗಡು ತನ್ನ ದಪ್ಪಕ್ಕೆ ಹೋಲಿಸಿದರೆ ಸಾಕಷ್ಟು ಬಾಗಬೇಕು. ತೆಳು ಸಿಂಬಲ್ ಸಣ್ಣ ಏಟಿಗೂ ಅಷ್ಟು ಬಾಗುತ್ತದೆ. ದಪ್ಪದ್ದು ಬಾಗಲು ಗಟ್ಟಿ ಏಟು ಬೇಕು. ಭಜನೆಯ ತಾಳ ಮತ್ತು ಮೆರವಣಿಗೆಯ ಜಾಂಜ್ ಕೇಳಿದವರಿಗೆ ಇದು ಕಿವಿಯಿಂದಲೇ ಗೊತ್ತು. ಚಿಕ್ಕದಾಗಿ ದಪ್ಪಗಿರುವ ತಾಳ 'ಟಿಣ್' ಅಂತ ಒಂದೇ ದನಿಯಲ್ಲಿ ನಿಲ್ಲುತ್ತದೆ. ಅಗಲವಾಗಿ ತೆಳ್ಳಗಿರುವ ಜಾಂಜ್ 'ಝಲ್' ಅಂತ ಹರಡಿಬಿಡುತ್ತದೆ.

ಇದನ್ನು ರೈಡ್‌ಗೆ ಅನ್ವಯಿಸಿ. ಹಗುರ ರೈಡ್ ಬೇಗ ಬಾಯಿ ಬಿಡುತ್ತದೆ. ಮೆಲ್ಲಗೆ ಬಾರಿಸಿದರೂ ಪಿಂಗ್ ಹಿಂದೆ ವಾಶ್ ಬರುತ್ತದೆ, ಅಂಚಿಗೆ ಒಂದು ಏಟು ಕೊಟ್ಟರೆ ಕ್ರ್ಯಾಶ್ ಕೆಲಸವನ್ನೂ ಮಾಡುತ್ತದೆ. ಆದರೆ ಜೋರಾಗಿ ಬಾರಿಸುತ್ತಾ ಹೋದರೆ ವಾಶ್ ಕಟ್ಟೆಯೊಡೆದು ಪಿಂಗ್ ಅದರಲ್ಲಿ ಮುಳುಗುತ್ತದೆ. ಭಾರದ ರೈಡ್‌ನಲ್ಲಿ ಪ್ರತಿ ಏಟೂ ಬಿಡಿ ಬಿಡಿಯಾಗಿ ಕೇಳುತ್ತದೆ. ಬೆಲ್ ಗಂಟೆಯಂತೆ ಹೊಡೆಯುತ್ತದೆ, ದನಿ ದೂರ ಹೋಗುತ್ತದೆ, ತುಂಬ ಹೊತ್ತು ನಿಲ್ಲುತ್ತದೆ. ಮೆಲ್ಲಗೆ ಬಾರಿಸಿದರೆ ಮಾತ್ರ ಅದು ಪೂರ್ತಿ ಎದ್ದೇಳುವುದೇ ಇಲ್ಲ. ಸ್ವಲ್ಪ ಒರಟು, ಸ್ವಲ್ಪ ಬಿಗುವು.

ಹಗುರ ಅಂದರೆ ಎಷ್ಟು? ಹಳೆಯ 20 ಇಂಚಿನ ರೈಡ್ 1,900 ಗ್ರಾಂ ಆಸುಪಾಸು ಇಲ್ಲವೇ ಕೆಳಗಿದ್ದರೆ ಹಗುರ. 2,000ದಿಂದ 2,300 ಮಧ್ಯಮ. 2,500 ದಾಟಿದರೆ ಭಾರ. ಇದು ಸರ್ಕಾರಿ ಅಳತೆ ಅಲ್ಲ, ಬಾರಿಸುವವರ ನಡುವಿನ ರೂಢಿ. 22 ಇಂಚಿಗೆ ಇದೇ ಗೆರೆ ಹಾಕಬೇಡಿ. ಅದರ ವಿಸ್ತೀರ್ಣ 20 ಇಂಚಿನದಕ್ಕಿಂತ 1.21 ಪಟ್ಟು. ಹಾಗಾಗಿ 20 ಇಂಚಿನ 2,000 ಗ್ರಾಂಗೆ ಸರಿಸಾಟಿ ದಪ್ಪ ಬೇಕೆಂದರೆ 22 ಇಂಚಿನದು 2,420 ಗ್ರಾಂ ತೂಗಬೇಕು. "2,400 ಗ್ರಾಂ ರೈಡ್ ಇದೆ" ಅಂತ ಯಾರಾದರೂ ಹೇಳಿದರೆ, ಎಷ್ಟು ಇಂಚು ಅಂತ ಕೇಳದೆ ಏನೂ ಹೇಳಬೇಡಿ. 22 ಇಂಚಾದರೆ ಅದು ಹಗುರದ ಕಡೆಗೆ, 20 ಇಂಚಾದರೆ ಭಾರದ ಕಡೆಗೆ ವಾಲಿದ್ದು.

ಇಲ್ಲಿಗೇ ಮುಗಿದಿದ್ದರೆ ಸಿಂಬಲ್‌ಗಳನ್ನೂ ಕಿಲೋ ಲೆಕ್ಕದಲ್ಲೇ ಕೊಳ್ಳಬಹುದಿತ್ತು. ನಾನು ಲೆಕ್ಕ ಹಾಕಿದ್ದು ಸರಾಸರಿ ದಪ್ಪ. ನಿಜವಾದ ಸಿಂಬಲ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಬೆಲ್ ಹತ್ತಿರ ದಪ್ಪ, ಅಂಚಿಗೆ ಹೋಗುತ್ತಾ ತೆಳು. ಇದಕ್ಕೆ ಟೇಪರ್ ಅಂತಾರೆ. 2,200 ಗ್ರಾಂನ ಎರಡು ಸಿಂಬಲ್‌ಗಳಲ್ಲಿ ಒಂದರ ಲೋಹವೆಲ್ಲ ನಡುವೆ ಕೂತು ಅಂಚು ಕಾಗದದಂತೆ ಇರಬಹುದು. ಇನ್ನೊಂದು ಉದ್ದಕ್ಕೂ ಸಮ ಇರಬಹುದು. ಮೊದಲನೆಯದು ಪಿಂಗ್ ಉಳಿಸಿಕೊಂಡೂ ಅಂಚಿನಲ್ಲಿ ಸಲೀಸಾಗಿ ಬಾಯಿ ಬಿಡುತ್ತದೆ. ಎರಡನೆಯದು ಅಷ್ಟು ಬಗ್ಗುವುದಿಲ್ಲ. ತಕ್ಕಡಿ ಎರಡನ್ನೂ ಒಂದೇ ಅನ್ನುತ್ತದೆ. ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅದುಮಿ ನೋಡಿ, ವ್ಯತ್ಯಾಸ ಕೈಗೆ ಸಿಗುತ್ತದೆ.

ಬೋ ಎಷ್ಟು ಎತ್ತರ ಅನ್ನುವುದೂ ಮುಖ್ಯ. ಬಾಗು ಜಾಸ್ತಿ ಇದ್ದರೆ ಪಿಚ್ ಏರುತ್ತದೆ. ಚಪ್ಪಟೆಗೆ ಹತ್ತಿರ ಇದ್ದರೆ ತಗ್ಗುತ್ತದೆ. ಬೆಲ್ ದೊಡ್ಡದಿದ್ದರೆ ದನಿ ಹೆಚ್ಚು ಹರಡುತ್ತದೆ. ಬೆಲ್ಲೇ ಇಲ್ಲದ ಫ್ಲ್ಯಾಟ್ ರೈಡ್ ಕೂಡ ಇದೆ. ಪೈಸ್ಟೆ ಕಂಪನಿಯ 602 ಸಾಲಿನ ಫ್ಲ್ಯಾಟ್ ರೈಡ್ ತುಂಬ ಹೆಸರುವಾಸಿ. ಅದರಲ್ಲಿ ವಾಶ್ ಕಟ್ಟೆಯೊಡೆಯುವುದೇ ಇಲ್ಲ, ಹಾಗಾಗಿ ಮಾಮೂಲಿ ರೈಡ್‌ನ ತೂಕಕ್ಕೆ ಅದನ್ನು ಹೋಲಿಸಿ ಪ್ರಯೋಜನವಿಲ್ಲ. ಇನ್ನು ಸುತ್ತಿಗೆ ಏಟು. ಕೈಯಿಂದ ಬಡಿದ ಸಿಂಬಲ್‌ನಲ್ಲಿ ಏಟುಗಳು ಒಂದೊಂದು ಕಡೆ ಒಂದೊಂದು ಥರ ಬಿದ್ದಿರುತ್ತವೆ. ದನಿಯೂ ಅಷ್ಟೇ ಸಂಕೀರ್ಣ, ಸ್ವಲ್ಪ ಮಬ್ಬು, ಸ್ವಲ್ಪ ಗಾಢ. ಒಂದಕ್ಕಿಂತ ಒಂದು ಬೇರೆ.

ಒಂದು ಎಚ್ಚರಿಕೆ. ತೂಕ ನೋಡಿ ಲೋಹ ಯಾವುದು ಅಂತ ಹೇಳಲಾಗದು. ಅಗ್ಗದ ಡ್ರಮ್ ಸೆಟ್ ಜೊತೆ ಬರುವ ಸಿಂಬಲ್‌ಗಳು ಹೆಚ್ಚಾಗಿ ಹಿತ್ತಾಳೆಯವು, ತಾಮ್ರ ಮತ್ತು ಸತುವಿನ ಬೆರಕೆ. ಹಿತ್ತಾಳೆಯ ತೂಕ ಕಂಚಿನ ತೂಕಕ್ಕೆ ಬಹಳ ಹತ್ತಿರ. ತಕ್ಕಡಿಗೆ ಗೊತ್ತಾಗುವುದಿಲ್ಲ, ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಹಗುರ ಸಿಂಬಲ್‌ಗೆ ಬೆಲೆ ಬಂದದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಇತಿಹಾಸ ಬೇಕು. 17ನೇ ಶತಮಾನದ ಆರಂಭದಲ್ಲಿ, ಈಗಿನ ಇಸ್ತಾಂಬುಲ್‌ನಲ್ಲಿ, ಅವೆಡಿಸ್ ಜಿಲ್ಜಿಯನ್ ಎಂಬ ಅರ್ಮೇನಿಯನ್ ಕುಶಲಕರ್ಮಿ ಸಿಂಬಲ್ ಮಾಡಲು ಶುರು ಮಾಡಿದ. ಅವನ ವಂಶದವರು 1929ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಕಾರ್ಖಾನೆ ಹಾಕಿದರು. ಅಲ್ಲಿಯವು 'ಎ' ಜಿಲ್ಜಿಯನ್. ಇಸ್ತಾಂಬುಲ್‌ನಲ್ಲಿ ಕೈಯಿಂದ ಬಡಿದು ಮಾಡುತ್ತಿದ್ದವು 'ಕೆ' ಜಿಲ್ಜಿಯನ್. ಅವನ್ನು ಅಮೆರಿಕಕ್ಕೆ ತರಿಸಿ ಮಾರುತ್ತಿದ್ದದ್ದು ಗ್ರೆಚ್ ಕಂಪನಿ. 1940ರ ಆಸುಪಾಸಿನಲ್ಲಿ ಕೆನ್ನಿ ಕ್ಲಾರ್ಕ್‌ನಂಥ ಜಾಝ್ ಡ್ರಮ್ಮರ್‌ಗಳು ಹಾಡಿನ ನಡೆಯನ್ನು ಬಾಸ್ ಡ್ರಮ್‌ನಿಂದ ಎತ್ತಿ ರೈಡ್ ಮೇಲೆ ತಂದಿಟ್ಟರು. ಅಲ್ಲಿಂದ ರೈಡ್ ಅನ್ನುವುದು ಡ್ರಮ್ಮರ್‌ನ ಸ್ವಂತ ಗುರುತಾಯಿತು. 1960ರ ದಶಕದಲ್ಲಿ ಜಾಝ್ ಡ್ರಮ್ಮರ್ ಟೋನಿ ವಿಲಿಯಮ್ಸ್ 22 ಇಂಚಿನ ಕೆ ರೈಡ್ ಮೇಲೆ ಬಾರಿಸಿದ್ದನ್ನು ಇವತ್ತಿಗೂ ಜನ ಹುಡುಕಿ ಕೇಳುತ್ತಾರೆ, ಅದೇ ದನಿ ತಮಗೂ ಬೇಕು ಅಂತಾರೆ.

ಆ ಮೇಲೆ ರಾಕ್ ಬಂತು. ಗಿಟಾರ್ ಆಂಪ್ಲಿಫೈಯರ್‌ಗಳು ದೊಡ್ಡದಾದವು, ಸ್ಟೇಜ್ ಸದ್ದು ಏರಿತು. ತೆಳು ಸಿಂಬಲ್ ಅಲ್ಲಿ ಕೇಳಿಸುತ್ತಲೇ ಇರಲಿಲ್ಲ, ಜೋರು ಏಟಿಗೆ ಒಡೆಯುತ್ತಿತ್ತು ಕೂಡ. 1970ರ ದಶಕದಲ್ಲಿ ಭಾರದ ಸಿಂಬಲ್‌ಗಳಿಗೆ ಬೇಡಿಕೆ ಬಂತು, ಕಾರ್ಖಾನೆಗಳು ಅಂಥವನ್ನೇ ಹೆಚ್ಚು ಮಾಡಿದವು. ಇತ್ತ ಇಸ್ತಾಂಬುಲ್‌ನ ಹಳೆಯ ಕೆ ತಯಾರಿಕೆ ಆ ದಶಕದ ಕೊನೆಯ ಹೊತ್ತಿಗೆ ನಿಂತಿತು.

ಬೆಲೆಯ ಗುಟ್ಟು ಇಲ್ಲೇ ಇದೆ. 1950, 60ರ ದಶಕದ ಹಗುರ ರೈಡ್‌ಗಳಲ್ಲಿ ಎಷ್ಟೋ ಒಡೆದು ಹೋಗಿವೆ. ಉಳಿದವಕ್ಕೆ ಜಾಝ್ ಬಾರಿಸುವವರು, ರೆಕಾರ್ಡಿಂಗ್ ಸ್ಟುಡಿಯೋದವರು, ಸಂಗ್ರಹಕಾರರು ಎಲ್ಲರೂ ಕೈ ಚಾಚುತ್ತಾರೆ. ಮೈಕ್ ಹತ್ತಿರ ಇಟ್ಟು ರೆಕಾರ್ಡ್ ಮಾಡುವಾಗ ದೂರ ಹೋಗುವ ದನಿ ಬೇಕಿಲ್ಲ, ಬಣ್ಣ ಇರುವ ದನಿ ಬೇಕು. 1970ರ ದಶಕದ ಭಾರದ ಎ ರೈಡ್‌ಗಳು ಹಾಗಲ್ಲ. ಗಟ್ಟಿ ಇದ್ದದ್ದರಿಂದ ಉಳಿದುಕೊಂಡವು, ಸಂಖ್ಯೆಯಲ್ಲೂ ಜಾಸ್ತಿ, ಕೇಳುವವರು ಕಡಿಮೆ. ಒಳ್ಳೆಯ ಸ್ಥಿತಿಯ ಹಳೆಯ ಇಸ್ತಾಂಬುಲ್ ಕೆ ರೈಡ್ ಸಾವಿರ ಡಾಲರ್ ದಾಟುವುದು ಮಾಮೂಲಿ. 70ರ ದಶಕದ ಭಾರದ ಎ ರೈಡ್ ಎಷ್ಟೋ ಸಲ ಅದೇ ಕಂಪನಿಯ ಹೊಸ ಸಿಂಬಲ್‌ಗಿಂತ ಕಡಿಮೆಗೆ ಸಿಗುತ್ತದೆ. ಎರಡರ ಲೋಹವೂ ಅದೇ ಬಿ20 ಕಂಚು!

ಹಾಗಾಗಿ ಒಂದು ಮಾತು ಒತ್ತಿ ಹೇಳುತ್ತೇನೆ. ಈ ಬೆಲೆ ಹೇಳುವುದು ಬೇರೆ ಊರಿನ, ಬೇರೆ ಸಂಗೀತದವರ ಅಗತ್ಯವನ್ನು. ನಿಮ್ಮ ಅಗತ್ಯವನ್ನಲ್ಲ. ಕಲಬುರಗಿಯ ಎನ್.ವಿ. ಮೈದಾನದಲ್ಲಿ ರಾತ್ರಿ ಆರ್ಕೆಸ್ಟ್ರಾ ಇದೆ, ಸುತ್ತ ಬಯಲು, ಪಕ್ಕದಲ್ಲಿ ಕೀಬೋರ್ಡ್, ರಿದಮ್ ಪ್ಯಾಡ್, ಎದುರಿಗೆ ಸಾವಿರ ಜನ. ಅಲ್ಲಿ 1,900 ಗ್ರಾಂ ರೈಡ್ ಇಟ್ಟರೆ ಅದರ ಸೊಗಸೆಲ್ಲ ಗಾಳಿಗೆ ಹೋಗುತ್ತದೆ. ಜೋರಾಗಿ ಬಾರಿಸಿ ಬಾರಿಸಿ ಒಂದು ದಿನ ಅಂಚೂ ಬಿರಿಯುತ್ತದೆ. ಅಲ್ಲಿಗೆ 2,500 ಗ್ರಾಂ ಮೇಲಿನದ್ದೇ ಸರಿ. ಅದು ಕಡಿಮೆ ಬೆಲೆಗೆ ಸಿಗುತ್ತಿರುವುದು ನಮ್ಮ ಪಾಲಿಗೆ ಒಳ್ಳೆಯದೇ ಅಲ್ವಾ? ಪಂಡಿತ ರಂಗಮಂದಿರದಂಥ ಮುಚ್ಚಿದ ಸಭಾಂಗಣಕ್ಕೆ ಮಧ್ಯಮ ತೂಕ ಸಾಕು. ಚರ್ಚ್‌ಗಳ ಮಾತು ಬೇರೆ. ಎತ್ತರದ ಚಾವಣಿ, ಕಲ್ಲಿನ ಗೋಡೆ, ದನಿ ತಿರುಗಿ ತಿರುಗಿ ಬರುತ್ತದೆ. ಅಲ್ಲಿ ಭಾರದ ರೈಡ್‌ನ ಬೆಲ್ ಹೊಡೆದರೆ ಹಾಡುವವರ ಮಾತೇ ಕೇಳುವುದಿಲ್ಲ. ಹಗುರದ್ದು, ಮೆಲ್ಲಗೆ ಬಾರಿಸಿದರೂ ಎದ್ದೇಳುವಂಥದ್ದು ಅಲ್ಲಿಗೆ ಬೇಕು. ಗಜಲ್, ಖವ್ವಾಲಿ ಜೊತೆ ಬಾರಿಸುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಕೊಳ್ಳುವ ಮುಂಚೆ ತೂಕ ನೀವೇ ನೋಡುವುದಾದರೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಐದು ಗ್ರಾಂ ಆಚೀಚೆ ಆದರೆ ಏನೂ ಕೆಡುವುದಿಲ್ಲ. ಮನೆಯ ಅಡುಗೆ ತಕ್ಕಡಿ ಮೇಲೆ 20 ಇಂಚಿನ ಸಿಂಬಲ್ ಇಟ್ಟರೆ ಅಂಕಿ ಕಾಣುವುದೇ ಇಲ್ಲ. ಮೊದಲು ಒಂದು ಬಟ್ಟಲನ್ನು ಬೋರಲು ಹಾಕಿ, ತಕ್ಕಡಿಯನ್ನು ಸೊನ್ನೆಗೆ ತನ್ನಿ. ಆಮೇಲೆ ಅದರ ಮೇಲೆ ಸಿಂಬಲ್ ಇಡಿ, ಕೆಳಗೆ ಬಗ್ಗಿ ಅಂಕಿ ಓದಿ. ಜೊತೆಗೆ ಟೇಪ್ ಹಿಡಿದು ಅಗಲ ಅಳೆಯಿರಿ, ಎರಡು ಮೂರು ಕಡೆ. 20 ಇಂಚು ಅಂತ ಹೇಳಿದ್ದು ಹತ್ತೊಂಬತ್ತೂವರೆ ಬಂದರೆ, ಬಿರುಕು ಬಿಟ್ಟ ಅಂಚನ್ನು ಯಾರೋ ಸುತ್ತಲೂ ಕತ್ತರಿಸಿರಬಹುದು. ಆಗ ತೂಕ ಇಳಿದದ್ದು ತಗಡು ತೆಳ್ಳಗಿರುವುದಕ್ಕಲ್ಲ, ಸಿಂಬಲ್ಲೇ ಚಿಕ್ಕದಾದದ್ದಕ್ಕೆ. ಇನ್ನೊಂದು ಥರವೂ ಉಂಟು. ಭಾರದ ಸಿಂಬಲ್ಲನ್ನು ಮತ್ತೆ ಲೇಥ್‌ಗೆ ಹಾಕಿ ಹೆರೆದು ತೆಳು ಮಾಡುತ್ತಾರೆ. ದನಿ ಚೆನ್ನಾಗಿಯೇ ಬರಬಹುದು. ಆದರೆ ಸಂಗ್ರಹಕಾರರು ಅದಕ್ಕೆ ಹಳೆಯ ಹಗುರ ಸಿಂಬಲ್‌ನ ಬೆಲೆ ಕೊಡುವುದಿಲ್ಲ. ಮೈ ಮೇಲಿನ ಗೆರೆಗಳು ಹೊಸದಾಗಿ ಹೊಳೆಯುತ್ತಿದ್ದು, ಕಂಪನಿಯ ಮುದ್ರೆ ಅರ್ಧ ಅಳಿಸಿದ್ದರೆ ಅನುಮಾನ ಪಡಿ.

ಬಿರುಕು ನೋಡಲು ಸಿಂಬಲ್ಲನ್ನು ಬೆಳಕಿಗೆ ಹಿಡಿದು ಅಂಚಿನ ಸುತ್ತ, ನಡುವಿನ ತೂತಿನ ಸುತ್ತ ನಿಧಾನವಾಗಿ ಕಣ್ಣಾಡಿಸಿ. ಕೂದಲೆಳೆಯಷ್ಟು ಗೆರೆ ಇದ್ದರೂ ಬೆಲೆ ಅರ್ಧಕ್ಕೆ ಬೀಳಬಹುದು, ಬೀಳಲೇಬೇಕು. ಬಿರುಕು ಅಲ್ಲಿಗೇ ನಿಲ್ಲುವುದಿಲ್ಲ. ತೆಳು ಸಿಂಬಲ್‌ನಲ್ಲಂತೂ ಬೇಗ ಓಡುತ್ತದೆ.

ಕೈಗೆ ಬಂದ ಮೇಲೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ಕೊಡ, ತಾಮ್ರದ ತಂಬಿಗೆ ತಿಕ್ಕಿ ಫಳಫಳ ಮಾಡುವ ರೂಢಿ ಇದೆ. ಹಳೆಯ ಸಿಂಬಲ್‌ನ ಆ ಕಂದು ಬಣ್ಣ ಕೊಳೆಯಲ್ಲ, ಲೋಹದ ಮೇಲೆ ವರ್ಷಗಟ್ಟಲೆ ಕೂತ ಪದರ. ತಿಕ್ಕಿದರೆ ತೂಕ ಒಂದೆರಡು ಗ್ರಾಂ ಕೂಡ ಇಳಿಯಲಿಕ್ಕಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ಕಂಪನಿಯ ಶಾಯಿ ಮುದ್ರೆಯೂ ಹೋಗುತ್ತದೆ. ಧೂಳು, ಬೆವರು ಆಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆ ಆಡಿಸಿ, ಸಾಕು.

ಸ್ಟ್ಯಾಂಡ್ ಬಗ್ಗೆಯೂ ತಲೆ ಕೆಡಿಸಿಕೊಳ್ಳಿ. 2,600 ಗ್ರಾಂ ರೈಡ್ ಹೊತ್ತ ಸ್ಟ್ಯಾಂಡ್‌ನ ಕಾಲು ಅಗಲ ಇರದಿದ್ದರೆ ಮುಗುಚಿ ಬೀಳುತ್ತದೆ, ಅದೂ ಮೈದಾನದ ಏರುತಗ್ಗು ಸ್ಟೇಜ್ ಮೇಲೆ. ಸ್ಟ್ಯಾಂಡ್‌ನ ಕಬ್ಬಿಣದ ಕಡ್ಡಿಗೆ ಪ್ಲಾಸ್ಟಿಕ್ ಕೊಳವೆ ಹಾಕಿರಬೇಕು. ಅದಿಲ್ಲದಿದ್ದರೆ ಕಬ್ಬಿಣ ಕಂಚನ್ನು ಉಜ್ಜಿ ಉಜ್ಜಿ ದುಂಡನೆಯ ತೂತನ್ನು ಬೀಗದ ಕೈಯ ರಂಧ್ರದಂತೆ ಮಾಡುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಮೇಲಿನ ತಿರುಪನ್ನು ಗಟ್ಟಿಯಾಗಿ ಬಿಗಿಯಬೇಡಿ. ಸಿಂಬಲ್ ಆರಾಮಾಗಿ ತೂಗಾಡುವಷ್ಟು ಸಡಿಲ ಬಿಡಿ, ಹಗುರದ್ದಿರಲಿ, ಭಾರದ್ದಿರಲಿ.